ಲಾರಿ ಟ್ಯಾಂಕಿನ ಡೀಸೆಲ್ ಕಳ್ಳರಿಂದ ಉಳಿಸಿಕೊಳ್ಳಲು: ಬೀಗವೋ, ಜಾಲರಿಯೋ, ಸೆನ್ಸರೋ?

"ಅಣ್ಣಾ, ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಲಾ, ಒಳಗೆ ಜಾಲರಿ ಕೂರಿಸಲಾ, ಇಲ್ಲಾ ಸಾಲ ಮಾಡಿ ಸೆನ್ಸರೇ ಹಾಕಿಸಿಬಿಡಲಾ?" ಲಾರಿ ಇಟ್ಟುಕೊಂಡ ಗೆಳೆಯರಿಂದ ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲ ಬರುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ದೊಡ್ಡ ಲಾರಿಗಳ ಟ್ಯಾಂಕ್ ಸಾಮಾನ್ಯವಾಗಿ 300ರಿಂದ 400 ಲೀಟರ್ ಹಿಡಿಯುತ್ತದೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 21.17 ಪರ್ಸೆಂಟ್ ಆದಾಗ ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ ಆಸುಪಾಸಿಗೆ ಬಂತು. ಅದೇ ದರ ಹಿಡಿದರೂ 300 ಲೀಟರ್ ಅಂದರೆ 27 ಸಾವಿರಕ್ಕೂ ಜಾಸ್ತಿ. ಬಾಡಿಗೆಯಲ್ಲಿ ಟೋಲ್, ಬಾಟಾ, ಟೈರು, ಕಂತು ಎಲ್ಲ ಕಳೆದು ಉಳಿಯುವುದೇ ಅಷ್ಟಿಷ್ಟು. ಒಂದು ರಾತ್ರಿಯ ಕಳ್ಳತನಕ್ಕೆ ಎರಡು ಮೂರು ಟ್ರಿಪ್ಪಿನ ದುಡಿಮೆ ನೀರಾಗುತ್ತದೆ.

ನನಗೂ ಆಗಿದೆ. ಶಿರಾ ದಾಟಿ ಹಿರಿಯೂರು ಕಡೆ ಹೆದ್ದಾರಿ ಪಕ್ಕ ನಿಲ್ಲಿಸಿ ಮಲಗಿದ್ದೆ. ಮುಚ್ಚಳಕ್ಕೆ ಒಳ್ಳೇ ಬೀಗ ಇತ್ತು, ಆ ಧೈರ್ಯದಲ್ಲಿ ನಿದ್ದೆಯೂ ಚೆನ್ನಾಗಿ ಬಂತು. ಬೆಳಗ್ಗೆ ಎದ್ದು ನೋಡಿದರೆ ಬೀಗ ಹಾಗೇ ಇದೆ, ಡೀಸೆಲ್ ಇಲ್ಲ. ಟ್ಯಾಂಕಿನ ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿ ಇಳಿಸಿಕೊಂಡಿದ್ದರು. ಬೋಲ್ಟ್ ಎಲ್ಲಿ ಬಿಸಾಕಿದರೋ ಸಿಗಲಿಲ್ಲ. ಅಂಥದ್ದೇ ಬೋಲ್ಟ್ ಹುಡುಕಿ, ಡೀಸೆಲ್ ತಂದು ತುಂಬಿ, ಲೈನಿನಲ್ಲಿ ಸೇರಿದ ಗಾಳಿ ತೆಗೆದು ಹೊರಡುವಾಗ ಮಧ್ಯಾಹ್ನ ದಾಟಿತ್ತು. ಅವತ್ತಿನಿಂದ ಯಾರಾದರೂ ಯಾವ ಬೀಗ ಒಳ್ಳೇದು ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿನ್ನ ಟ್ಯಾಂಕಿಗೆ ಎಷ್ಟು ಬಾಗಿಲಿದೆ, ಎಣಿಸಿದ್ದೀಯಾ?

ಟ್ಯಾಂಕಿಗೆ ನಾಲ್ಕು ಬಾಗಿಲು

ಒಂದು, ಡೀಸೆಲ್ ಹಾಕುವ ಬಾಯಿ. ಮುಚ್ಚಳ ತೆಗೆದು ಪೈಪ್ ಇಳಿಸುತ್ತಾರೆ. ಬಾಯಲ್ಲಿ ಎಳೆದು ಕ್ಯಾನಿಗೆ ಬಿಡುವ ಕಾಲ ಹೋಯಿತು. ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪ್ ನಿಮಿಷಕ್ಕೆ 40 ಲೀಟರ್ ಎಳೆಯುತ್ತದೆ. ಐದು ನಿಮಿಷಕ್ಕೆ 200 ಲೀಟರ್. ಮೂತ್ರಕ್ಕೆ ಹೋಗಿ, ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಎರಡು, ಅಡಿಯ ಡ್ರೈನ್ ಬೋಲ್ಟ್. ಒಂದು ಸ್ಪ್ಯಾನರ್ ಸಾಕು, ಸದ್ದೇ ಇಲ್ಲ.

ಮೂರು, ಟ್ಯಾಂಕಿನ ಮೇಲಿರುವ ಫ್ಲೋಟ್ ಯೂನಿಟ್, ಅಂದರೆ ಗೇಜಿಗೆ ಲೆಕ್ಕ ಕೊಡುವ ಭಾಗ. ನಾಲ್ಕೈದು ಸ್ಕ್ರೂ ಬಿಚ್ಚಿದರೆ ಅಲ್ಲೊಂದು ತೂತು ಸಿಗುತ್ತದೆ. ನಾಲ್ಕು, ಎಂಜಿನಿಗೆ ಹೋಗುವ ಮತ್ತು ವಾಪಸ್ ಬರುವ ಪೈಪುಗಳು. ಇವೆರಡನ್ನು ಮುಟ್ಟುವವರು ಕಡಿಮೆ. ಆದರೆ ಮೊದಲೆರಡು ಬಾಗಿಲು ಮುಚ್ಚಿದರೆ ಕಣ್ಣು ಇಲ್ಲಿಗೆ ಬೀಳುತ್ತದೆ.

ಇನ್ನೂ ಒಂದು ದಾರಿ ಇದೆ, ಟ್ಯಾಂಕಿಗೇ ತೂತು ಹೊಡೆಯುವುದು. ಇದನ್ನು ತಡೆಯುವ ಉಪಾಯ ನನ್ನ ಹತ್ತಿರ ಇಲ್ಲ. ಎಷ್ಟೋ ಓನರುಗಳು ಇದೇ ಹೆದರಿಕೆಯಿಂದ ಮುಚ್ಚಳಕ್ಕೆ ಬೀಗವನ್ನೇ ಹಾಕುವುದಿಲ್ಲ. ಡೀಸೆಲ್ ಹೋದರೆ ಹೋಗಲಿ, ಟ್ಯಾಂಕ್ ಉಳಿಯಲಿ ಅನ್ನುವ ಲೆಕ್ಕ. ನಾನು ಒಪ್ಪುವುದಿಲ್ಲ. ತೂತು ಹೊಡೆದರೆ ಸದ್ದಾಗುತ್ತದೆ, ಡೀಸೆಲ್ ಅರ್ಧ ನೆಲದ ಪಾಲಾಗುತ್ತದೆ. ರಾತ್ರಿ ಬಂದವನಿಗೆ ಬೇಕಿರುವುದು ಸದ್ದಿಲ್ಲದ, ಬೇಗ ಮುಗಿಯುವ ಕೆಲಸ. ಪಕ್ಕದಲ್ಲಿ ಸಲೀಸಾದ ಲಾರಿ ಇದ್ದರೆ ಅದರ ಹತ್ತಿರ ಹೋಗುತ್ತಾನೆ. ಹೀಗೆ ಹೇಳಲು ಬೇಜಾರಾಗುತ್ತದೆ, ಆ ಲಾರಿಯೂ ನಮ್ಮಂಥ ಒಬ್ಬನದೇ ಅಲ್ವಾ? ಅದಕ್ಕೇ ಜೊತೆಗೆ ನಿಲ್ಲಿಸುವ ಎಲ್ಲರಿಗೂ ಈ ವಿಷಯ ಹೇಳಿ.

ಯಾವುದನ್ನು ನೋಡಿ ಆರಿಸಬೇಕು

ನಾನು ಯಾವ ಸಾಮಾನು ಕೊಳ್ಳುವ ಮೊದಲೂ ಐದು ವಿಷಯ ನೋಡುತ್ತೇನೆ. ಇದು ಯಾವ ಬಾಗಿಲು ಮುಚ್ಚುತ್ತದೆ? ಬಂಕಿನಲ್ಲಿ ಡೀಸೆಲ್ ಹಾಕಿಸಲು ತೊಂದರೆ ಕೊಡುತ್ತದಾ? ಟ್ಯಾಂಕ್ ಉಸಿರಾಡಲು ಬಿಡುತ್ತದಾ? ಬೆಂಕಿ, ವೆಲ್ಡಿಂಗ್ ಇಲ್ಲದೆ ಕೂರಿಸಬಹುದಾ? ಸರ್ವಿಸ್ ಟೈಮಿನಲ್ಲಿ ಬಿಚ್ಚಲು ಬರುತ್ತದಾ? ಬೆಲೆ ಆಮೇಲಿನ ಮಾತು.

ವೆಲ್ಡಿಂಗ್ ವಿಷಯ ಈಗಲೇ ಹೇಳಿಬಿಡುತ್ತೇನೆ. ಯಾವ ಕಾರಣಕ್ಕೂ ಲಾರಿ ಮೇಲಿರುವ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ. "ಖಾಲಿ ಮಾಡಿದ್ದೀವಿ, ಏನೂ ಆಗಲ್ಲ" ಅಂತ ಹೇಳುವವರಿದ್ದಾರೆ. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ. ಒಳಗೆ ಅಂಟಿಕೊಂಡ ಡೀಸೆಲ್ ಬಿಸಿಗೆ ಆವಿಯಾಗಿ ಗಾಳಿ ಜೊತೆ ಸೇರುತ್ತದೆ. ಒಂದು ಕಿಡಿ ಸಾಕು, ಟ್ಯಾಂಕ್ ಸಿಡಿಯುತ್ತದೆ. ಮೂವತ್ತು ಸಾವಿರದ ಡೀಸೆಲ್ ಉಳಿಸಲು ಹೋಗಿ ಜೀವ ಕಳೆದುಕೊಳ್ಳುವುದು ಬೇಡ. ಈಗ ಎಷ್ಟೋ ಲಾರಿಗಳಲ್ಲಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಟ್ಯಾಂಕ್ ಬರುತ್ತದೆ, ಅಲ್ಲಿ ಮಾಮೂಲಿ ವೆಲ್ಡಿಂಗ್ ಮಾತೇ ಇಲ್ಲ. ಟ್ಯಾಂಕನ್ನು ಚಾಸಿಗೆ ಹಿಡಿದಿರುವ ಪಟ್ಟಿ ಮತ್ತು ಬ್ರಾಕೆಟ್ ಇದೆಯಲ್ಲ, ಏನು ಕೂರಿಸುವುದಿದ್ದರೂ ಅದಕ್ಕೆ ಬೋಲ್ಟ್ ಹಾಕಿ ಕೂರಿಸಿ.

ಬೀಗದ ಮುಚ್ಚಳ

ಎಲ್ಲದಕ್ಕಿಂತ ಅಗ್ಗ. ಅಂದಾಜು 300ರಿಂದ ಸಾವಿರ ರೂಪಾಯಿ, ಐದು ನಿಮಿಷದ ಕೆಲಸ. ಮುಚ್ಚುವುದು ಒಂದೇ ಬಾಗಿಲು. ಅಗ್ಗದ ಬೀಗವನ್ನು ದೊಡ್ಡ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬಹುದು. ಆದರೂ ಯಾವ ಲಾರಿಗಾದರೂ ಇದು ಇರಲೇಬೇಕು.

ಕೊಳ್ಳುವಾಗ ಒಂದು ವಿಷಯ ಮರೆಯಬೇಡಿ. ಎಷ್ಟೋ ಲಾರಿಗಳಲ್ಲಿ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಳದಲ್ಲೇ ಇರುತ್ತದೆ. ಆ ದಾರಿ ಇಲ್ಲದ ಮುಚ್ಚಳ ಹಾಕಿದರೆ ಡೀಸೆಲ್ ಕಡಿಮೆಯಾದಂತೆ ಒಳಗೆ ಗಾಳಿ ಇಲ್ಲದೆ ಟ್ಯಾಂಕ್ ಡೀಸೆಲ್ಲನ್ನು ಎಂಜಿನಿಗೆ ಬಿಡದೆ ಹಿಡಿದುಕೊಳ್ಳುತ್ತದೆ. ಗಾಡಿ ಎಳೆಯುವುದಿಲ್ಲ, ಘಾಟಿಯಲ್ಲಿ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಮುಚ್ಚಳ ತೆಗೆದ ಕೂಡಲೇ ಬುಸ್ ಅಂತ ಸದ್ದು ಬಂದರೆ ಕಾರಣ ಇದೇ. ಮೆಕ್ಯಾನಿಕ್ ಫಿಲ್ಟರ್ ಬದಲಾಯಿಸುತ್ತಾನೆ, ಪಂಪ್ ಬಿಚ್ಚುತ್ತಾನೆ, ತಪ್ಪು ಮಾತ್ರ ಮುಚ್ಚಳದ್ದು.

ಮುಚ್ಚಳದ ಮೇಲೆ ಕಬ್ಬಿಣದ ಪಟ್ಟಿ ಅಡ್ಡ ಬರುವಂತೆ ಮಾಡಿ, ಟ್ಯಾಂಕ್ ಪಟ್ಟಿಗೆ ಕೊಂಡಿ ಹಾಕಿ, ಬೇರೆ ಬೀಗ ಜಡಿಯುವವರೂ ಇದ್ದಾರೆ. ಇದು ಹಳೇ ಉಪಾಯ, ಒಳ್ಳೇ ಉಪಾಯ. ಮುಚ್ಚಳದ ಬೀಗಕ್ಕಿಂತ ಗಟ್ಟಿ. ಬೀಗಕ್ಕೆ ಮಳೆ ನೀರು ಇಳಿಯದಂತೆ ಹಳೇ ಟ್ಯೂಬಿನ ತುಂಡು ಮುಚ್ಚಿ. ಕರಾವಳಿ ಕಡೆ ಓಡಾಡುವವರ ಬೀಗ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ.

ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಲಾರಿಗಳಲ್ಲಿ ನೀಲಿ ಮುಚ್ಚಳದ ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಟ್ಯಾಂಕ್ ಪಕ್ಕದಲ್ಲೇ ಇರುತ್ತದಲ್ಲ, ಅದಕ್ಕೂ ಬೀಗ ಹಾಕುವುದಾದರೆ ಎರಡಕ್ಕೂ ಒಂದೇ ಥರದ ಮುಚ್ಚಳ ಬೇಡ. ನಿದ್ದೆಗಣ್ಣಿನಲ್ಲಿ ಡಿಇಎಫ್ ಅನ್ನು ಡೀಸೆಲ್ ಟ್ಯಾಂಕಿಗೆ ಹಾಕಿಬಿಟ್ಟರೆ ಖರ್ಚು ಲಕ್ಷದಲ್ಲಿ ಬರುತ್ತದೆ.

ಬಾಯಿಯೊಳಗಿನ ಜಾಲರಿ

ಎಲ್ಲರೂ ಕೈಯಾರೆ ಮಾಡಲು ಹೊರಡುವುದು ಇದನ್ನೇ. ಎಲ್ಲರೂ ತಪ್ಪು ಮಾಡುವುದೂ ಇದರಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಉಪಾಯ ಸರಳ. ತೂತುಗಳಿರುವ ಲೋಟದಂಥ ಒಂದು ಕೊಳವೆಯನ್ನು ಟ್ಯಾಂಕಿನ ಬಾಯಿಯೊಳಗೆ ಕೂರಿಸುವುದು. ಡೀಸೆಲ್ ಇಳಿಯುತ್ತದೆ, ಕಳ್ಳನ ಪೈಪ್ ಇಳಿಯುವುದಿಲ್ಲ.

ನಾನು ಮೊದಲು ಮಾಡಿಸಿದ ಜಾಲರಿಯ ತೂತು ತೀರಾ ಸಣ್ಣದಿತ್ತು. ಎಷ್ಟು ಸಣ್ಣದೋ ಅಷ್ಟು ಭದ್ರ ಅಂದುಕೊಂಡಿದ್ದೆ. ಬಂಕಿನಲ್ಲಿ ಡೀಸೆಲ್ ಹಾಕುವ ಗನ್ ಇಟ್ಟ ಕೂಡಲೇ ನೊರೆ ಉಕ್ಕಿ ಬಾಯಿಗೆ ಬಂತು, ಗನ್ ಪಟ್ ಅಂತ ನಿಂತಿತು. ಮತ್ತೆ ಒತ್ತುವುದು, ಮತ್ತೆ ನಿಲ್ಲುವುದು. ಅರ್ಧ ಟ್ಯಾಂಕ್ ತುಂಬುವಷ್ಟರಲ್ಲಿ ಹಿಂದೆ ಸಾಲುಗಟ್ಟಿದವರೆಲ್ಲ ಹಾರನ್ ಹೊಡೆಯುತ್ತಿದ್ದರು. ಕಳ್ಳರು ಬಳಸುವ ಪೈಪ್ ಅರ್ಧ ಇಂಚಿಗಿಂತ ದಪ್ಪ ಇರುವುದೇ ಜಾಸ್ತಿ. ಎಂಟು ಮಿಲಿಮೀಟರ್ ತೂತು ಸಾಕು, ಆದರೆ ತುಂಬಾ ತೂತು ಇರಬೇಕು. ಅಡಿಯಲ್ಲೂ ಪಕ್ಕದಲ್ಲೂ.

ಈಗ ಯಾರೂ ಹೇಳದ ಮಾತು. ಫುಲ್ ಟ್ಯಾಂಕ್ ಇದ್ದಾಗ ಜಾಲರಿಯೊಳಗೂ ಡೀಸೆಲ್ ತುಂಬಿರುತ್ತದೆ. ಕಳ್ಳ ಪೈಪನ್ನು ಜಾಲರಿ ತಳದವರೆಗೆ ಇಳಿಸಿ ಎಳೆದರೆ, ತೂತುಗಳ ಮೂಲಕ ಹೊರಗಿನ ಡೀಸೆಲ್ ಒಳಗೆ ಬರುತ್ತಲೇ ಇರುತ್ತದೆ. ಮಟ್ಟ ಜಾಲರಿಯ ತಳಕ್ಕೆ ಇಳಿದ ಮೇಲಷ್ಟೇ ನಿಲ್ಲುವುದು. ಲೆಕ್ಕ ಹಾಕಿ: ಟ್ಯಾಂಕ್ 60 ಸೆಂಟಿಮೀಟರ್ ಎತ್ತರ, ಜಾಲರಿ ಮೇಲಿನಿಂದ 15 ಸೆಂಟಿಮೀಟರ್ ಇಳಿದಿದೆ. ಅಂದರೆ ಕಾಲು ಭಾಗ ಕಳ್ಳನ ಕೈಗೆ ಸಿಗುತ್ತದೆ. 400 ಲೀಟರಿನ ಚೌಕಾಕಾರದ ಟ್ಯಾಂಕಿನಲ್ಲಿ ಅದು 100 ಲೀಟರ್!

ಹಾಗಂತ ಜಾಲರಿ ತೀರಾ ಗಿಡ್ಡ ಮಾಡಿದರೆ ಬಂಕಿನ ಗನ್ ಒಳಗೆ ಕೂರುವುದಿಲ್ಲ. ಗನ್ನಿನ ಮೂತಿ ಇಳಿಯುವಷ್ಟು ಉದ್ದ, ಅದಕ್ಕಿಂತ ಒಂದು ಇಂಚೂ ಜಾಸ್ತಿ ಬೇಡ. ಮೂತಿಯ ಅಳತೆ ತೆಗೆದುಕೊಂಡೇ ಲೇತಿಗೆ ಹೋಗಿ. ಇನ್ನೊಂದು ದಾರಿ, ರಾತ್ರಿ ನಿಲ್ಲಿಸುವ ಮೊದಲು ಫುಲ್ ಮಾಡಿಸಬೇಡಿ. ಜಾಲರಿ ಇರುವ ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ಡೀಸೆಲ್ ಇದ್ದರೆ ಬಾಯಿಯಿಂದ ಏನೂ ಸಿಗುವುದಿಲ್ಲ. ಬೆಳಗ್ಗೆ ಹೊರಡುವಾಗ ತುಂಬಿಸಿಕೊಳ್ಳಿ.

ಕೂರಿಸುವ ಬಗೆ: ಜಾಲರಿಯ ಅಂಚು ಬಾಯಿಯ ಅಂಚಿನ ಮೇಲೆ ಕೂರಬೇಕು, ಎಳೆದರೆ ಬರಬಾರದು. ಕೆಲವರು ಬಾಯಿಗೆ ಡ್ರಿಲ್ ಹೊಡೆದು ರಿವೆಟ್ ಹಾಕುತ್ತಾರೆ. ಟ್ಯಾಂಕ್ ಬಿಚ್ಚಿ, ಪೂರ್ತಿ ತೊಳೆದು ಮಾಡುವುದಾದರೆ ಸರಿ. ಲಾರಿ ಮೇಲೇ ಡ್ರಿಲ್ ಹೊಡೆದರೆ ಕಬ್ಬಿಣದ ಚೂರು ಡೀಸೆಲ್ಲಿಗೆ ಬೀಳುತ್ತದೆ. ಈಗಿನ ಕಾಮನ್ ರೈಲ್ ಎಂಜಿನ್ನುಗಳು 1,600 ಬಾರ್ ಆಸುಪಾಸಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತವೆ. ಕಣ್ಣಿಗೆ ಕಾಣದ ಚೂರೂ ಆ ಪಂಪ್, ಇಂಜೆಕ್ಟರುಗಳ ಪ್ರಾಣ ತೆಗೆಯುತ್ತದೆ. ಇದೇ ಕಾರಣಕ್ಕೆ ಜಾಲರಿಗೆ ಮಾಮೂಲಿ ಕಬ್ಬಿಣ ಬೇಡ, ತುಕ್ಕು ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂ ಇರಲಿ. ಸತು ಬಳಿದ ತಗಡೂ ಬೇಡ, ಸತು ಡೀಸೆಲ್ಲಿಗೆ ಆಗಿಬರುವುದಿಲ್ಲ.

ನಿಮ್ಮ ಮಾಡೆಲಿಗೆ ಹೊಂದುವ ರೆಡಿಮೇಡ್ ಜಾಲರಿ ಸಿಕ್ಕರೆ ಲೇತ್ ಅಂಗಡಿಗೆ ಹೋಗಬೇಡಿ, ಅದನ್ನೇ ತನ್ನಿ. ಕೆಲವು ಹೊಸ ಲಾರಿಗಳಲ್ಲಿ ಕಂಪನಿಯವರೇ ಕೂರಿಸಿರುತ್ತಾರೆ, ಟಾರ್ಚ್ ಹಾಕಿ ಒಮ್ಮೆ ನೋಡಿ. ವಾರಂಟಿ ಇರುವ ಗಾಡಿಯಾದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಕೈ ಹಾಕಿ.

ಅಡಿಯ ಬೋಲ್ಟಿಗೆ ಕವಚ

ನನ್ನ ಅನುಭವದಲ್ಲಿ ಹಾಕಿದ ದುಡ್ಡಿಗೆ ಎಲ್ಲಕ್ಕಿಂತ ಜಾಸ್ತಿ ಬೆಲೆ ಬಂದದ್ದು ಇದರಲ್ಲಿ. ಆದರೆ ಕಣ್ಣಿಗೆ ಕಾಣದ ಜಾಗ, ಹಾಗಾಗಿ ಯಾರೂ ಹಾಕಿಸುವುದಿಲ್ಲ.

ನಾಲ್ಕು ಮಿಲಿಮೀಟರ್ ದಪ್ಪದ ತಗಡನ್ನು ಬಟ್ಟಲಿನ ಹಾಗೆ ಬಗ್ಗಿಸಿ, ಬೋಲ್ಟಿನ ಕೆಳಗೆ ಬರುವಂತೆ ಟ್ಯಾಂಕ್ ಪಟ್ಟಿಗೆ ಬೋಲ್ಟ್ ಹಾಕಿ ಕಟ್ಟಬೇಕು. ಸ್ಪ್ಯಾನರ್ ಒಳಗೆ ತೂರದಿದ್ದರೆ ಸಾಕು. ಬಟ್ಟಲಿಗೆ ಒಂದು ಸಣ್ಣ ತೂತು ಬಿಡಿ, ನೀರು ಕೆಸರು ನಿಲ್ಲಬಾರದು. ಡೀಸೆಲ್ ಜಿನುಗುತ್ತಿದ್ದರೆ ಅದರಿಂದಲೇ ಗೊತ್ತಾಗುತ್ತದೆ. ತಗಡು ಟ್ಯಾಂಕಿಗೆ ಉಜ್ಜದಂತೆ ಮಧ್ಯೆ ರಬ್ಬರ್ ಕೊಡಿ. ನಮ್ಮ ರಸ್ತೆಯ ಕುಲುಕಾಟಕ್ಕೆ ಉಜ್ಜಿ ಉಜ್ಜಿ ಟ್ಯಾಂಕೇ ತೂತಾಗಬಹುದು.

ಕಟ್ಟುವ ಬೋಲ್ಟುಗಳಿಗೆ ಮಾಮೂಲಿ ಷಟ್ಕೋನ ತಲೆ ಬೇಡ. ವಿಶೇಷ ಕೀ ಇಲ್ಲದೆ ತಿರುಗದ ಬೋಲ್ಟ್ ಸಿಗುತ್ತವೆ. ಬಿಚ್ಚಲು ಬಾರದಂತೆ ಪೂರ್ತಿ ವೆಲ್ಡ್ ಮಾಡಿ ಮುಚ್ಚುವವರಿದ್ದಾರೆ, ಅದು ತಪ್ಪು. ಟ್ಯಾಂಕಿನ ತಳದಲ್ಲಿ ನೀರು, ಕಸ ಸೇರುತ್ತದೆ. ಅದನ್ನು ಇಳಿಸಲೆಂದೇ ಆ ಬೋಲ್ಟ್ ಇರುವುದು. ಖರ್ಚು ಸಾವಿರದಿಂದ ಎರಡು ಸಾವಿರದೊಳಗೆ ಮುಗಿಯುತ್ತದೆ. ಅದೇ ಕೆಲಸದಲ್ಲಿ ಮೇಲಿನ ಫ್ಲೋಟ್ ಯೂನಿಟ್ಟಿನ ಸ್ಕ್ರೂಗಳನ್ನೂ ವಿಶೇಷ ಕೀ ಸ್ಕ್ರೂಗಳಿಗೆ ಬದಲಾಯಿಸಿಕೊಳ್ಳಿ.

ಅಲಾರಂ ಮತ್ತು ಸೆನ್ಸರ್

ಇವು ಕಳ್ಳನನ್ನು ತಡೆಯುವುದಿಲ್ಲ, ನಿಮಗೆ ಸುದ್ದಿ ಕೊಡುತ್ತವೆ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಬೈಕಿನ ಅಲಾರಂ ತಂದು ಟ್ಯಾಂಕ್ ಬ್ರಾಕೆಟ್ಟಿಗೆ ಕಟ್ಟುವುದು ಅಗ್ಗದ ದಾರಿ. ಮುಟ್ಟಿದರೆ ಕಿರುಚುತ್ತದೆ. ಆದರೆ ಬೈಕಿನದು 12 ವೋಲ್ಟ್, ದೊಡ್ಡ ಲಾರಿ 24 ವೋಲ್ಟ್. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರ್ ಎಳೆದುಕೊಂಡರೆ ಆ ಬ್ಯಾಟರಿ ಬೇಗ ಸಾಯುತ್ತದೆ. 24ನ್ನು 12 ಮಾಡುವ ಕನ್ವರ್ಟರ್ ಹಾಕಿ, ಬ್ಯಾಟರಿ ಹತ್ತಿರವೇ ಫ್ಯೂಸ್ ಕೊಡಿ. ಟ್ಯಾಂಕಿನೊಳಗೆ ಯಾವ ವೈರೂ ಇಳಿಸಬೇಡಿ. ಪಕ್ಕದಲ್ಲಿ ಬೇರೆ ಲಾರಿ ಹೋದರೂ ಕೂಗುವ ಅಲಾರಂ ಆದರೆ ಮೂರನೇ ದಿನ ಡ್ರೈವರೇ ಕಿತ್ತು ಹಾಕುತ್ತಾನೆ. ಅವನ ನಿದ್ದೆಯೂ ಮುಖ್ಯ.

ಜಿಪಿಎಸ್ ಜೊತೆ ಬರುವ ಫ್ಯೂಯಲ್ ಸೆನ್ಸರ್ ದುಬಾರಿ. ಹತ್ತು ಸಾವಿರದ ಆಸುಪಾಸಿನಿಂದ ಶುರು, ಮೇಲೆ ವರ್ಷ ವರ್ಷ ಚಂದಾ. ಕಡ್ಡಿಯಂಥ ಸೆನ್ಸರಿಗೆ ಟ್ಯಾಂಕ್ ಮೇಲೆ ತೂತು ಬೇಕು, ಸ್ವಲ್ಪ ಸ್ವಲ್ಪವೇ ಡೀಸೆಲ್ ತುಂಬುತ್ತಾ ಅದಕ್ಕೆ ಅಳತೆ ಕಲಿಸಬೇಕು. ಇದನ್ನು ಕೈಯಾರೆ ಮಾಡಲು ಹೋಗಬೇಡಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ, ಶಿರಾಡಿ ಘಾಟಿಯಂಥ ಕಡೆ ಹತ್ತಿಳಿಯುವಾಗ ಲೆಕ್ಕ ಏರುಪೇರಾಗುತ್ತದೆ. ಟಾಟಾದ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡಿನ ಐ-ಅಲರ್ಟ್ ಥರದ, ಗಾಡಿಯ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ವ್ಯವಸ್ಥೆ ಹೊಸ ಗಾಡಿಯಲ್ಲಿ ಬಂದಿದ್ದರೆ ಬೇರೆ ಖರ್ಚು ಮಾಡುವ ಮೊದಲು ಅದರಲ್ಲಿ ಏನೇನು ಕಾಣುತ್ತದೆ ನೋಡಿ.

ಒಂದು ವಿಷಯದಲ್ಲಿ ಮಾತ್ರ ಸೆನ್ಸರಿಗೆ ಸಾಟಿ ಇಲ್ಲ. ಡೀಸೆಲ್ ಎಲ್ಲಿ, ಯಾವಾಗ ಕಡಿಮೆಯಾಯಿತು ಅಂತ ಹೇಳುತ್ತದೆ. ಹೆದ್ದಾರಿಯಲ್ಲಿ ಕದ್ದರಾ, ಬಂಕಿನಲ್ಲಿ ಕಡಿಮೆ ಹಾಕಿದರಾ, ಟ್ಯಾಂಕ್ ಸೋರುತ್ತಿದೆಯಾ, ಗೊತ್ತಾಗುತ್ತದೆ. ಡೀಸೆಲ್ ಕಡಿಮೆಯಾದ ಕೂಡಲೇ ಡ್ರೈವರ್ ಮೇಲೆ ಅನುಮಾನ ಪಡುವುದು ನಮ್ಮಲ್ಲಿ ರೂಢಿಯಾಗಿದೆ. ಡ್ರೈವರ್ ಮಾರಿಕೊಳ್ಳುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ತಪ್ಪು ಮಾಡದವನ ಸಂಬಳ ಮುರಿದುಕೊಂಡ ಓನರುಗಳನ್ನೂ ನೋಡಿದ್ದೇನೆ. ಲೆಕ್ಕ ಕೈಯಲ್ಲಿದ್ದರೆ ಇಬ್ಬರಿಗೂ ನೆಮ್ಮದಿ. ಬಂಕಿನ ಮೇಲೆ ಅನುಮಾನ ಇದ್ದರೆ ಅಲ್ಲೇ ಐದು ಲೀಟರಿನ ಅಳತೆ ಪಾತ್ರೆ ಕೇಳಿ. ಪ್ರತಿ ಬಂಕಿನಲ್ಲೂ ಅದು ಇರಬೇಕು, ಅಳೆದು ತೋರಿಸಬೇಕು.

ಯಾರಿಗೆ ಯಾವುದು

ಒಂದೇ ಲಾರಿ, ತಾನೇ ಓಡಿಸುವವನು, ಕೈಯಲ್ಲಿ ಮೂರು ಸಾವಿರ: ಬೀಗದ ಮುಚ್ಚಳ ಮತ್ತು ಅಡಿಯ ಕವಚ. ಕಣ್ಣು ಮುಚ್ಚಿ ಇವೆರಡು ಮಾಡಿಸಿ. ಜಾಲರಿಗೆ ಮುಂದಿನ ತಿಂಗಳು ನೋಡೋಣ. ಸೆನ್ಸರ್ ನಿಮಗೆ ಬೇಡ, ನೀವೇ ಗಾಡಿಯಲ್ಲಿರುತ್ತೀರಿ.

ಐದಾರು ಲಾರಿ, ಡ್ರೈವರುಗಳ ಕೈಯಲ್ಲಿ, ಪುಣೆ ಮುಂಬೈ ಲೈನು: ಎಲ್ಲ ಗಾಡಿಗೂ ಬೀಗ, ಕವಚ, ರೆಡಿಮೇಡ್ ಜಾಲರಿ. ಸೆನ್ಸರನ್ನು ಮೊದಲು ಒಂದೇ ಗಾಡಿಗೆ ಹಾಕಿಸಿ ಮೂರು ತಿಂಗಳು ನೋಡಿ. ಉಳಿತಾಯ ಕಂಡರೆ ಉಳಿದವಕ್ಕೆ. ಜೊತೆಗೆ ಒಳ್ಳೇ ಮೈಲೇಜ್ ಕೊಟ್ಟ ಡ್ರೈವರಿಗೆ ಉಳಿದ ಡೀಸೆಲ್ಲಿನಲ್ಲಿ ಪಾಲು ಕೊಡಿ. ಯಾವ ಬೀಗಕ್ಕಿಂತಲೂ ಇದು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡಿದ್ದೇನೆ.

ಟಿಪ್ಪರ್, ಜೆಸಿಬಿ, ಸೈಟಿನಲ್ಲೇ ರಾತ್ರಿ ನಿಲ್ಲುವ ಗಾಡಿ: ಇಲ್ಲಿ ಕಳ್ಳನಿಗೆ ರಾತ್ರಿಯಿಡೀ ಸಮಯ ಇರುತ್ತದೆ. ಬರೀ ಬೀಗ ಸಾಲದು. ಸಂಜೆ ಟ್ಯಾಂಕಿನಲ್ಲಿ ಕಡಿಮೆ ಡೀಸೆಲ್ ಉಳಿಸುವುದು, ಬೆಳಕು, ಕಾವಲು, ಆಮೇಲೆ ಅಲಾರಂ. ಟಾಟಾ ಏಸ್‌ನಂಥ ಸಣ್ಣ ಗಾಡಿಗೆ ಬೀಗದ ಮುಚ್ಚಳ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ದುಡ್ಡೇ ಬೇಡದ ಒಂದು ಉಪಾಯ ಎಲ್ಲರಿಗೂ. ಟ್ಯಾಂಕ್ ಇರುವ ಬದಿಯನ್ನು ಗೋಡೆಗೆ ಅಥವಾ ಪಕ್ಕದ ಲಾರಿಗೆ ಒತ್ತಿ ನಿಲ್ಲಿಸಿ, ಮನುಷ್ಯ ತೂರದಷ್ಟು. ಸಾಧ್ಯವಾದ ಕಡೆ ಯಶವಂತಪುರದಲ್ಲಿರುವಂಥ ಟ್ರಕ್ ಟರ್ಮಿನಲ್ ಹಿಡಿಯಿರಿ. ಪಾರ್ಕಿಂಗ್ ಚಾರ್ಜ್ ಉಳಿಸಲು ಕತ್ತಲೆ ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸುವುದು ಬೇಡ.

ರಾತ್ರಿ ಸದ್ದು ಕೇಳಿದರೆ ಒಬ್ಬರೇ ಕೆಳಗಿಳಿಯಬೇಡಿ. ಬಂದವರು ಎಷ್ಟು ಜನ, ಕೈಯಲ್ಲಿ ಏನಿದೆ ಗೊತ್ತಿರುವುದಿಲ್ಲ. ಬಾಗಿಲು ಲಾಕ್ ಮಾಡಿ, ಹಾರನ್ ಒತ್ತಿ ಹಿಡಿಯಿರಿ, ಲೈಟ್ ಹಾಕಿ, 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಹಾಯವಾಣಿ ಕೂಡ ಇದೆ. ಡೀಸೆಲ್ ಹೋಗಲಿ, ನೀವು ಮನೆಗೆ ಹೋಗಬೇಕು.

ಬೆಳಗ್ಗೆ ಕಂಪ್ಲೇಂಟ್ ಕೊಡುವಾಗ ಎಷ್ಟು ಲೀಟರ್ ಅಂತ ಕೇಳುತ್ತಾರೆ. ಆ ಅಂಕಿ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು ಇದೆ. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವನು ಮೊದಲ ಸಲ ತಪ್ಪಿತಸ್ಥನಾಗಿ, ಮಾಲನ್ನು ಅಥವಾ ಅದರ ಬೆಲೆಯನ್ನು ವಾಪಸ್ ಕೊಟ್ಟರೆ ಸಮುದಾಯ ಸೇವೆಯಷ್ಟೇ ಶಿಕ್ಷೆ. 91 ರೂಪಾಯಿ ದರದಲ್ಲಿ 5,000 ಅಂದರೆ ಸುಮಾರು 55 ಲೀಟರ್. ಅದಕ್ಕೆ ನಾನು ಒಂದು ಅಲ್ಯೂಮಿನಿಯಂ ಪಟ್ಟಿಗೆ ಗೆರೆ ಹಾಕಿ ಅಳತೆ ಕಡ್ಡಿ ಮಾಡಿಕೊಂಡಿದ್ದೇನೆ. ಜಾಲರಿಯ ತಳದಲ್ಲಿ ಆ ಕಡ್ಡಿ ಇಳಿಯುವಷ್ಟೇ ಅಗಲದ ಒಂದು ಸೀಳು ಬಿಡಿಸಿದ್ದೇನೆ. ರಾತ್ರಿ ಮಲಗುವ ಮೊದಲು ಒಂದು ಸಲ ಅದ್ದಿ, ಫೋಟೋ ತೆಗೆದು, ಡೈರಿಯಲ್ಲಿ ಟೈಮ್ ಸಮೇತ ಬರೆದಿಡುತ್ತೇನೆ. ಎರಡು ನಿಮಿಷದ ಕೆಲಸ.